ತಿರುಗದ ಟ್ಯಾಪೆಟ್

ಎಂಜಿನ್ ಕೆಲಸ ಮುಗಿಸಿಕೊಂಡು ಬಂದ ನನ್ನ ಸೋದರಮಾವನ ಅಂಬಾಸಡರ್ ಆರುನೂರು ಕಿಲೋಮೀಟರ್ ಓಡುವಷ್ಟರಲ್ಲಿ ‘ಟಿಕ್ ಟಿಕ್’ ಎನ್ನತೊಡಗಿತು. ಮೇಸ್ತ್ರಿ ಬಂದರು, ರಾಕರ್ ಕವರ್ ತೆಗೆದರು, ಸಂದು ಅಳೆಯುವ ಫೀಲರ್ ಗೇಜ್ ತೂರಿಸಿ ಟ್ಯಾಪೆಟ್ ಸೆಟ್ ಮಾಡಿದರು. ಸದ್ದು ನಿಂತಿತು. ಹತ್ತು ದಿನಕ್ಕೆ ಮತ್ತೆ ಟಿಕ್ ಟಿಕ್. ಮತ್ತೆ ಗೇಜ್, ಮತ್ತೆ ಸೆಟ್ಟಿಂಗ್. ಮೂರನೆಯ ಸಲ ಸದ್ದಿನ ಜೊತೆಗೆ ಇನ್ನೊಂದು ರೋಗವೂ ಸೇರಿಕೊಂಡಿತ್ತು. ಏರು ಹತ್ತುವಾಗ ಕಾರ್ಬ್ಯುರೇಟರ್ ಒಳಗಿನಿಂದ ‘ಫಟ್’ ಎಂದು ಕೆಮ್ಮುತ್ತಿತ್ತು. ಆಗಲೂ ಮೇಸ್ತ್ರಿ ಗೇಜ್ ಹಿಡಿದರು. ಮಾವ ಬೇಡವೆಂದರು.

ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ, ಗಿಡ್ಡ ಲೋಹದ ಉರುಳೆಯಂಥ ಐದನೆಯ ಟ್ಯಾಪೆಟ್ಟನ್ನು ಮೇಲೆತ್ತಿದಾಗ ಅದರ ತಳ ಸೌಟಿನಂತೆ ಗುಳಿಬಿದ್ದಿತ್ತು. ಟಾರ್ಚ್ ಬಿಟ್ಟು ಆ ರಂಧ್ರದೊಳಗೆ ನೋಡಿದರೆ ವಾಲ್ವುಗಳನ್ನು ಆಡಿಸುವ ದಂಡವಾದ ಕ್ಯಾಮ್‌ಶಾಫ್ಟಿನ ಲೋಬ್, ಅಂದರೆ ಅದರ ಮೈಮೇಲಿನ ಏಣು, ಕಾಣುತ್ತಿತ್ತು. ಮೊಟ್ಟೆಯಾಕಾರದಲ್ಲಿ ಮೂತಿ ಚಾಚಿಕೊಂಡಿರಬೇಕಾದ ಲೋಬ್ ನಿಂಬೆಹಣ್ಣಿನಂತೆ ದುಂಡಗಾಗಿತ್ತು. ‘ಡೂಪ್ಲಿಕೇಟ್ ಮಾಲು ಸಾರ್’ ಎಂದರು ಮೇಸ್ತ್ರಿ. ನಮ್ಮಲ್ಲಿ ಎಲ್ಲ ಸಾವಿಗೂ ಹೃದಯಾಘಾತ ಎಂದು ಬರೆದುಬಿಡುವ ಹಾಗೆ, ಎಲ್ಲ ಬಿಡಿಭಾಗದ ಸಾವಿಗೂ ಡೂಪ್ಲಿಕೇಟ್ ಎನ್ನುವ ಒಂದೇ ಕಾರಣ. ಆದರೆ ಟ್ಯಾಪೆಟ್ ಬಹಳ ಸಲ ಅಪರಾಧಿಯಲ್ಲ, ಕೊಲೆಯಾದವನು. ಕೊಂದದ್ದು ಯಾರು ಎಂಬುದು ಅದರ ಮುಖದ ಮೇಲೇ ಬರೆದಿರುತ್ತದೆ. ಓದಲು ಬರಬೇಕು, ಅಷ್ಟೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಗ್ಯಾರೇಜುಗಳಲ್ಲಿ ‘ಟ್ಯಾಪೆಟ್ ಸೆಟ್ಟಿಂಗ್’ ಎಂದರೆ ಹೆಡ್ಡಿನ ಮೇಲೆ ರಾಕರ್ ಮತ್ತು ವಾಲ್ವ್ ನಡುವಿನ ಸಂದನ್ನು ಸರಿಮಾಡುವುದು. ನಿಜವಾದ ಟ್ಯಾಪೆಟ್ ಇರುವುದು ಅಲ್ಲಲ್ಲ, ಕೆಳಗೆ ಬ್ಲಾಕಿನ ಹೊಟ್ಟೆಯಲ್ಲಿ. ಅಮೆರಿಕದವರು ಅದನ್ನೇ ಲಿಫ್ಟರ್ ಎನ್ನುತ್ತಾರೆ. ಕ್ಯಾಮ್‌ಶಾಫ್ಟ್ ತಿರುಗಿದಂತೆ ಲೋಬ್ ಟ್ಯಾಪೆಟ್ಟನ್ನು ಮೇಲಕ್ಕೆ ನೂಕುತ್ತದೆ, ಟ್ಯಾಪೆಟ್ ಪುಶ್‌ರಾಡನ್ನು ನೂಕುತ್ತದೆ, ಪುಶ್‌ರಾಡ್ ರಾಕರಿನ ಒಂದು ತುದಿಯನ್ನು ಎತ್ತುತ್ತದೆ, ಇನ್ನೊಂದು ತುದಿ ಸಿಲಿಂಡರಿನ ಬಾಗಿಲಾದ ವಾಲ್ವನ್ನು ಕೆಳಕ್ಕೆ ಒತ್ತಿ ತೆರೆಯುತ್ತದೆ. ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಇಂಥದ್ದು. ಪ್ರೀಮಿಯರ್ ಪದ್ಮಿನಿ, ಎರಕದ ಕಬ್ಬಿಣದ ಎಂಜಿನ್ನಿನ ಬುಲೆಟ್ ಕೂಡ ಇದೇ ಕುಲ. ಅಮೆರಿಕದಲ್ಲಿ 1955ರಲ್ಲಿ ಬಂದ ಶೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8 ಇವರೆಲ್ಲರ ಶ್ರೀಮಂತ ದಾಯಾದಿ. ಹಳೆಯ ಎಂಜಿನ್ ಬಿಚ್ಚಿ ಜೋಡಿಸುವ ಹವ್ಯಾಸ ಅಲ್ಲಿ ದೊಡ್ಡದಾದ್ದರಿಂದ ಟ್ಯಾಪೆಟ್ ಸವೆತದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಆ ವಿ8ಗಳ ಶವಪರೀಕ್ಷೆಯಿಂದಲೇ ಬಂದದ್ದು.

ಈಗ ವಿಚಾರದ ತಿರುಳು. ಟ್ಯಾಪೆಟ್ ಮೇಲೆ ಕೆಳಗೆ ಮಾತ್ರ ಚಲಿಸುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಹಾಗಲ್ಲ. ಮೇಲೆ ಕೆಳಗೆ ಆಡುವಾಗಲೇ ಅದು ತನ್ನ ರಂಧ್ರದಲ್ಲಿ ನಿಧಾನವಾಗಿ ಸುತ್ತುತ್ತಲೂ ಇರುತ್ತದೆ, ಸುತ್ತಲೇಬೇಕು. ಸುತ್ತದಿದ್ದರೆ ಲೋಬಿನ ಮೂತಿ ಪ್ರತಿಸಲವೂ ಅದೇ ಗೆರೆಯ ಮೇಲೆ ಉಜ್ಜುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಕ್ಯಾಮ್ ಅದರ ಅರ್ಧ ವೇಗದಲ್ಲಿ ತಿರುಗುವುದರಿಂದ ಒಂದೊಂದು ಟ್ಯಾಪೆಟ್ಟಿಗೂ ನಿಮಿಷಕ್ಕೆ 1250 ಉಜ್ಜು. ಆ ಉಜ್ಜಿನ ಜಾಗವಾದರೂ ಎಷ್ಟು? ದಾರದಂಥ ಒಂದು ಗೆರೆ. ವಾಲ್ವ್ ಸ್ಪ್ರಿಂಗಿನ ಬಲವೆಲ್ಲ ಆ ಗೆರೆಯ ಮೇಲೆ ಕೂತಾಗ ಅಲ್ಲಿನ ಒತ್ತಡ ಚದರ ಅಂಗುಲಕ್ಕೆ ಲಕ್ಷ ಪೌಂಡನ್ನು ಸುಲಭವಾಗಿ ದಾಟುತ್ತದೆ. ಎಂಜಿನ್ನಿನಲ್ಲಿ ಇಷ್ಟು ಕಠಿಣವಾದ ಉಜ್ಜಾಟ ನಡೆಯುವ ಜಾಗ ಇನ್ನೊಂದು ಸಿಗುವುದು ಕಷ್ಟ.

ಟ್ಯಾಪೆಟ್ಟನ್ನು ಸುತ್ತಿಸುವವರು ಯಾರು? ಗೇರಿಲ್ಲ, ಕೀಲಿಲ್ಲ. ಚಪಾತಿ ಲಟ್ಟಿಸುವವರನ್ನು ನೋಡಿ. ಲಟ್ಟಣಿಗೆಯ ಒಂದು ಕಡೆ ತುಸು ಹೆಚ್ಚು ಒತ್ತಿದರೆ ಮಣೆಯ ಮೇಲಿನ ಚಪಾತಿ ತಾನಾಗಿಯೇ ತಿರುಗುತ್ತದೆ, ಕೈಯಿಂದ ತಿರುಗಿಸಬೇಕಿಲ್ಲ. ಇಲ್ಲೂ ಅದೇ ಯುಕ್ತಿ. ಲೋಬನ್ನು ಟ್ಯಾಪೆಟ್ಟಿನ ನಟ್ಟನಡುವೆ ಇಡದೆ ಸ್ವಲ್ಪ ಪಕ್ಕಕ್ಕೆ ಇಟ್ಟಿರುತ್ತಾರೆ. ಲೋಬಿನ ಮೈಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೆರಡು ‘ಥೌ’, ಅಂದರೆ ಅಂಗುಲದ ಸಾವಿರದ ಒಂದೆರಡು ಭಾಗದಷ್ಟು ಇಳಿಜಾರಾಗಿ ಉಜ್ಜಿರುತ್ತಾರೆ. ಟ್ಯಾಪೆಟ್ಟಿನ ತಳ ಚಪ್ಪಟೆ ಎಂದು ಕಂಡರೂ ಸಾಮಾನ್ಯವಾಗಿ ಅದು ಚಪ್ಪಟೆಯಲ್ಲ, ನಡುವೆ ಕೂದಲೆಳೆಗಿಂತ ಕಡಿಮೆ ಎತ್ತರದ ಉಬ್ಬು ಇರುತ್ತದೆ. ಇಳಿಜಾರಾದ ಲೋಬ್ ಉಬ್ಬಿದ ತಳವನ್ನು ಪಕ್ಕದಲ್ಲಿ ಮುಟ್ಟಿದಾಗ ಟ್ಯಾಪೆಟ್ ಚಪಾತಿಯಂತೆ ತಿರುಗುತ್ತದೆ. ಕಣ್ಣಿಗೆ ಕಾಣದ ಈ ಎರಡು ಕೋನಗಳ ಮೇಲೆ ಇಡೀ ವ್ಯವಸ್ಥೆಯ ಆಯುಸ್ಸು ನಿಂತಿದೆ. ನಮ್ಮ ಲೇತ್ ಅಂಗಡಿಗಳಲ್ಲಿ ಮೊದಲು ಕಳೆದುಹೋಗುವುದೂ ಇವೇ.

ಹೇಗೆಂದು ಹೇಳುತ್ತೇನೆ. ಹಳೆಯ ಗಾಡಿಗೆ ಹೊಸ ಟ್ಯಾಪೆಟ್ ಸಿಗದಿದ್ದಾಗ ಹಳೆಯದನ್ನೇ ‘ಫೇಸಿಂಗ್’ ಮಾಡಿಸುವ ರೂಢಿ ಇದೆ. ತಳವನ್ನು ಗ್ರೈಂಡಿಂಗ್ ಕಲ್ಲಿಗೆ ಹಿಡಿದು ಕನ್ನಡಿಯಂತೆ ಹೊಳೆಯುವ ಹಾಗೆ ಚಪ್ಪಟೆ ಮಾಡಿಕೊಡುತ್ತಾರೆ. ನೋಡಲು ಹೊಸದಕ್ಕಿಂತ ಚೆನ್ನ. ಆದರೆ ಉಬ್ಬು ಹೋಯಿತು. ಜೊತೆಗೆ ಎರಕದ ಕಬ್ಬಿಣವನ್ನು ಅಚ್ಚಿನಲ್ಲೇ ಥಟ್ಟನೆ ತಣಿಸಿ ತಳಕ್ಕೆ ಕೊಟ್ಟಿದ್ದ ಗಡಸು ಪದರವೂ ತೆಳುವಾಯಿತು. ಕ್ಯಾಮ್‌ಶಾಫ್ಟನ್ನು ಮತ್ತೆ ಗ್ರೈಂಡ್ ಮಾಡಿಸಿದರೂ ಇದೇ ಕಥೆ. ಸವೆದ ಲೋಬಿಗೆ ವೆಲ್ಡಿಂಗ್ ತುಂಬಿ ಆಕಾರ ತೆಗೆಯುವ ಕುಶಲಿಗಳಿದ್ದಾರೆ. ಲಿಫ್ಟನ್ನು, ಅಂದರೆ ಲೋಬ್ ಎಷ್ಟು ಎತ್ತುತ್ತದೆ ಎಂಬುದನ್ನು, ಅವರು ಗೇಜಿಟ್ಟು ತೋರಿಸುತ್ತಾರೆ. ಆದರೆ ಆ ಒಂದೆರಡು ಥೌ ಇಳಿಜಾರನ್ನು ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಕ್ಯಾಮ್ ಮತ್ತು ಟ್ಯಾಪೆಟ್ಟಿನ ಗಡಸುತನ ಒಂದಕ್ಕೊಂದು ಹೊಂದಬೇಕು ಎಂಬುದಂತೂ ಮಾತಿಗೇ ಬರುವುದಿಲ್ಲ. ಮಾವನ ಕಾರಿನಲ್ಲಿ ಆದದ್ದರ ಅರ್ಧ ಭಾಗ ಇದು. ಎಂಟೂ ಟ್ಯಾಪೆಟ್ಟುಗಳಿಗೆ ಫೇಸಿಂಗ್ ಆಗಿತ್ತು. ಅದಕ್ಕೆ ಪ್ರತ್ಯೇಕ ಬಿಲ್ಲನ್ನೂ ಕೊಟ್ಟಿದ್ದೆವು.

ಎಂಟನ್ನೂ ಹೊರತೆಗೆದು ಮೊಟ್ಟೆಯ ಟ್ರೇಯಲ್ಲಿ ಕ್ರಮವಾಗಿ ಜೋಡಿಸಿಟ್ಟೆವು. ಇದು ತಮಾಷೆಗೆ ಹೇಳಿದ ಮಾತಲ್ಲ, ಟ್ಯಾಪೆಟ್ ಇಡಲು ಮೊಟ್ಟೆಯ ಟ್ರೇಗಿಂತ ಒಳ್ಳೆಯ ಸಲಕರಣೆ ಇಲ್ಲ. ಯಾವ ಟ್ಯಾಪೆಟ್ ಯಾವ ಲೋಬಿನ ಮೇಲೆ ಓಡಿತ್ತು ಎಂಬುದು ತಪ್ಪಿದರೆ ಅರ್ಧ ಸಾಕ್ಷ್ಯ ಹೋದಂತೆ. ಜೊತೆಗೆ, ಒಮ್ಮೆ ಒಂದು ಲೋಬಿನೊಂದಿಗೆ ಪಳಗಿದ ಟ್ಯಾಪೆಟ್ಟನ್ನು ಇನ್ನೊಂದರ ಮೇಲೆ ಕೂರಿಸಬಾರದು. ಹೊಸ ಕ್ಯಾಮಿಗೆ ಹಳೆಯ ಟ್ಯಾಪೆಟ್ ಹಾಕುವುದಂತೂ ಕೂಡದು.

ಇನ್ನು ಮುಖ ಓದುವುದು. ಆರೋಗ್ಯವಂತ ಟ್ಯಾಪೆಟ್ಟಿನ ತಳದಲ್ಲಿ ಒಂದೇ ಕೇಂದ್ರದ ಸುತ್ತ ನವಿರಾದ ವೃತ್ತಗಳು ಕಾಣುತ್ತವೆ, ನೀರಿಗೆ ಕಲ್ಲು ಹಾಕಿದಾಗ ಏಳುವ ಅಲೆಗಳ ಹಾಗೆ. ಸುತ್ತಿದೆ ಎಂಬುದಕ್ಕೆ ಅದೇ ಗುರುತು. ವೃತ್ತದ ಬದಲು ಅಡ್ಡಡ್ಡಲಾಗಿ ಒಂದು ಪಟ್ಟಿ ಸವೆದಿದ್ದರೆ ಅದು ಸುತ್ತೇ ಇಲ್ಲ. ಉಬ್ಬು ಹೋಗಿರಬೇಕು, ಇಲ್ಲವೇ ರಂಧ್ರದಲ್ಲಿ ಬಿಗಿಯಾಗಿರಬೇಕು. ತಳದಲ್ಲಿ ಸಿಡುಬಿನ ಕಲೆಗಳಂತೆ ಸಣ್ಣ ಸಣ್ಣ ಗುಂಡಿಗಳಿದ್ದರೆ ಲೋಹ ದಣಿದಿದೆ ಎಂದರ್ಥ. ಸ್ಪ್ರಿಂಗಿನ ಒತ್ತಡ ಮಿತಿಮೀರಿದಾಗ, ಗಡಸುತನ ಸಾಲದಾಗ ಹೀಗಾಗುತ್ತದೆ. ಒಂದೇ ಅಂಚು ಚಕ್ಕೆ ಎದ್ದಿದ್ದರೆ ಲೋಬ್ ಅಂಚಿನ ಮೇಲೆ ಓಡಿದೆ. ಕ್ಯಾಮ್ ಮುಂದಕ್ಕೋ ಹಿಂದಕ್ಕೋ ಸರಿದಿದೆಯೇ, ರಂಧ್ರ ಓರೆಯಾಗಿದೆಯೇ ಎಂದು ಹುಡುಕಬೇಕು. ಗುಳಿ ಬಿದ್ದದ್ದು ಕಣ್ಣಿಗೆ ಗೊತ್ತಾಗದಿದ್ದರೆ ಒಂದು ಸುಲಭ ಉಪಾಯವಿದೆ. ಎರಡು ಟ್ಯಾಪೆಟ್ಟುಗಳ ತಳವನ್ನು ಮುಖಕ್ಕೆ ಮುಖ ಕೊಟ್ಟು ಟ್ಯೂಬ್‌ಲೈಟಿನ ಎದುರು ಹಿಡಿಯಿರಿ. ಉಬ್ಬಿರುವ ಹೊಸ ಜೋಡಿಯಾದರೆ ನಡುವೆ ಮುಟ್ಟಿ ಅಂಚುಗಳಲ್ಲಿ ಬೆಳಕು ಇಣುಕುತ್ತದೆ, ಬೆರಳಿನಿಂದ ಒತ್ತಿದರೆ ತುಸು ಓಲಾಡುತ್ತದೆ. ಸವೆದದ್ದಾದರೆ ತಿರುವುಮುರುವು, ಅಂಚುಗಳು ಕೂಡಿಕೊಂಡು ನಡುವೆ ಬೆಳಕಿನ ಗೆರೆ. ಮಾವನ ಎಂಟರಲ್ಲಿ ಗುಳಿಬಿದ್ದದ್ದು ಐದನೆಯದು ಮಾತ್ರ. ಆದರೆ ಉಳಿದ ಏಳರಲ್ಲಿ ನಾಲ್ಕರ ಮೇಲೆ ಅಡ್ಡಪಟ್ಟಿ ಆಗಲೇ ಮೂಡಿತ್ತು. ಅವು ಸರದಿಯಲ್ಲಿ ನಿಂತಿದ್ದವು.

ಬಿಚ್ಚುವುದಕ್ಕೆ ಮೊದಲೇ ರೋಗ ಹಿಡಿಯಲು ಸಾಧ್ಯವಿತ್ತೇ? ಇತ್ತು. ಮೊದಲ ಸುಳಿವು ಆ ಸೆಟ್ಟಿಂಗೇ. ಹೊಸದಾಗಿ ಜೋಡಿಸಿದ ಎಂಜಿನ್ನಿನಲ್ಲಿ ಸಂದು ಒಂದು ಸಲ ಸ್ವಲ್ಪ ಬದಲಾಗುವುದು ಸಹಜ, ಹೆಡ್ ಗ್ಯಾಸ್ಕೆಟ್ ಕೂತಂತೆ ಅದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆದರೆ ಒಂದೇ ವಾಲ್ವಿನ ಸಂದು ಪದೇಪದೇ ಹೆಚ್ಚುತ್ತಿದ್ದರೆ ಮೇಲೆ ಏನೂ ಸಡಿಲವಾಗುತ್ತಿಲ್ಲ, ಕೆಳಗೆ ಏನೋ ಕರಗುತ್ತಿದೆ. ಆಗ ಸೆಟ್ಟಿಂಗ್ ಮಾಡುವುದೆಂದರೆ ಜ್ವರಕ್ಕೆ ಥರ್ಮಾಮೀಟರನ್ನು ಸರಿಮಾಡಿದಂತೆ. ಎರಡನೆಯ ಸುಳಿವು ಆ ಕೆಮ್ಮು. ಐದನೆಯದು ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನದು. ಅದರ ಲೋಬ್ ಸವೆದು ವಾಲ್ವ್ ಸಾಕಷ್ಟು ತೆರೆಯದಾದಾಗ ಉರಿದ ಅನಿಲ ಹೊರಹೋಗದೆ ಸಿಲಿಂಡರಿನಲ್ಲೇ ಉಳಿಯುತ್ತದೆ. ಆಮೇಲೆ ಇನ್‌ಲೆಟ್ ತೆರೆದ ಕೂಡಲೇ ಆ ಬಿಸಿ ಅನಿಲ ಹಿಮ್ಮುಖವಾಗಿ ನುಗ್ಗಿ ಕಾರ್ಬ್ಯುರೇಟರಿನಲ್ಲಿ ‘ಫಟ್’ ಎನ್ನುತ್ತದೆ. ಕಾರ್ಬ್ಯುರೇಟರ್ ಸ್ವಚ್ಛ ಮಾಡಿ, ಪಾಯಿಂಟ್ ಬದಲಿಸಿ ಸುಸ್ತಾದವರು ಇದನ್ನೊಮ್ಮೆ ನೆನಪಿಸಿಕೊಳ್ಳಬೇಕು. ಇನ್‌ಲೆಟ್ ಲೋಬ್ ಸವೆದರೆ ಕೆಮ್ಮಿಗಿಂತ ದೌರ್ಬಲ್ಯ ಹೆಚ್ಚು. ಸಿಲಿಂಡರಿಗೆ ಗಾಳಿಯೇ ಸಾಲದೆ ಕಂಪ್ರೆಷನ್ ಪರೀಕ್ಷೆಯಲ್ಲಿ ಅದು ಕಡಿಮೆ ತೋರಿಸುತ್ತದೆ, ಜನ ರಿಂಗುಗಳನ್ನು ಬಯ್ಯುತ್ತಾರೆ.

ಖಚಿತ ಪರೀಕ್ಷೆ, ಸೂಕ್ಷ್ಮ ಚಲನೆಯನ್ನು ಅಳೆಯುವ ಡಯಲ್ ಗೇಜಿನದು. ರಾಕರ್ ಕವರ್ ತೆಗೆದು, ಪ್ಲಗ್ಗುಗಳನ್ನು ಬಿಚ್ಚಿ, ಗೇಜಿನ ಮೊನೆಯನ್ನು ಪುಶ್‌ರಾಡಿನ ನೇರಕ್ಕೆ ರಾಕರಿನ ಮೇಲಿಟ್ಟು ಎಂಜಿನ್ನನ್ನು ಕೈಯಿಂದ ತಿರುಗಿಸಬೇಕು. ಎಂಟೂ ಪುಶ್‌ರಾಡುಗಳು ಎಷ್ಟೆಷ್ಟು ಏಳುತ್ತವೆ ಎಂದು ಬರೆದುಕೊಂಡು ಇನ್‌ಲೆಟ್ಟಿಗೆ ಇನ್‌ಲೆಟ್, ಎಕ್ಸಾಸ್ಟಿಗೆ ಎಕ್ಸಾಸ್ಟ್ ಹೋಲಿಸಿ. ಕಂಪನಿಯ ಅಂಕಿ ಕೈಯಲ್ಲಿಲ್ಲದಿದ್ದರೂ ನಡೆಯುತ್ತದೆ, ಗುಂಪಿನಲ್ಲಿ ಕುಳ್ಳ ಯಾರೆಂದು ತಾನೇ ತಿಳಿಯುತ್ತದೆ. ಇನ್ನೊಂದು ಸಾಕ್ಷಿ ಆಯಿಲ್ ಫಿಲ್ಟರ್. ಅದನ್ನು ಕೊಯ್ದು ಕಾಗದದ ಮಡಿಕೆಗಳನ್ನು ಬಿಡಿಸಿದಾಗ ಬೂದುಬಣ್ಣದ ನುಣುಪಾದ ಕೆಸರು ಸಿಕ್ಕಿ, ಅದು ಅಯಸ್ಕಾಂತಕ್ಕೆ ಹತ್ತಿದರೆ ಲೋಬ್ ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಬೇಸರದ ಸುದ್ದಿಯೆಂದರೆ ಆ ಕಬ್ಬಿಣದ ಪುಡಿ ಫಿಲ್ಟರಿನಲ್ಲೇ ನಿಂತಿರುವುದಿಲ್ಲ. ಮೇನ್ ಬೇರಿಂಗ್, ಬಿಗ್ ಎಂಡ್, ಪಿಸ್ಟನ್ ಸ್ಕರ್ಟ್, ಆಯಿಲ್ ಪಂಪ್ ಎಲ್ಲವನ್ನೂ ಮುಟ್ಟಿಕೊಂಡು ಬಂದಿರುತ್ತದೆ. ಆದ್ದರಿಂದ ಒಂದು ಟ್ಯಾಪೆಟ್, ಒಂದು ಕ್ಯಾಮ್ ಬದಲಿಸಿ ಕೈತೊಳೆದುಕೊಂಡರೆ ಎರಡನೆಯ ಸಾವು ಖಚಿತ. ಎಂಜಿನ್ ಪೂರ್ತಿ ಬಿಚ್ಚಬೇಕು, ಬ್ಲಾಕಿನ ಎಣ್ಣೆ ದಾರಿಗಳ ಪ್ಲಗ್ಗುಗಳನ್ನು ತೆಗೆದು ಬ್ರಷ್ ಹಾಕಿ ತೊಳೆಯಬೇಕು. ಈ ಮಾತು ಕೇಳಿ ಮಾವನ ಮುಖ ಸಪ್ಪಗಾಯಿತು. ಯಾರ ಮುಖವೂ ಆಗುತ್ತದೆ.

ಹೈಡ್ರಾಲಿಕ್ ಟ್ಯಾಪೆಟ್ಟುಗಳ ಕಥೆ ತುಸು ಬೇರೆ. ಅವುಗಳ ಹೊಟ್ಟೆಯಲ್ಲಿ ಪುಟ್ಟ ಪ್ಲಂಜರ್, ಅದರ ಕೆಳಗೆ ಎಣ್ಣೆಯನ್ನು ಹಿಡಿದಿಡುವ ಚೆಕ್ ವಾಲ್ವ್ ಇರುತ್ತದೆ. ಸಂದನ್ನು ಎಣ್ಣೆಯೇ ತುಂಬಿಕೊಳ್ಳುವುದರಿಂದ ಸೆಟ್ಟಿಂಗಿನ ರಗಳೆ ಇಲ್ಲ. ಚೆಕ್ ವಾಲ್ವಿಗೆ ಕಸ ಸಿಕ್ಕಿಕೊಂಡರೆ ಎಣ್ಣೆ ಸೋರಿ ಟಿಕ್ ಟಿಕ್ ಶುರುವಾಗುತ್ತದೆ. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ನಾಲ್ಕು ಕ್ಷಣ ಸದ್ದು ಮಾಡಿ ಸುಮ್ಮನಾದರೆ ಚಿಂತಿಸಬೇಕಿಲ್ಲ. ಬಿಸಿಯಾದ ಮೇಲೂ ಬಿಡದಿದ್ದರೆ ಚಿಂತಿಸಬೇಕು. ಎಂಜಿನ್ ಕೆಲಸದಲ್ಲಿ ಹೆಡ್ ಫೇಸಿಂಗ್, ವಾಲ್ವ್ ಸೀಟ್ ಕಟಿಂಗ್ ಆದಾಗ ರಾಕರ್, ವಾಲ್ವ್, ಟ್ಯಾಪೆಟ್ಟುಗಳ ನಡುವಿನ ಎತ್ತರದ ಲೆಕ್ಕ ತಪ್ಪುತ್ತದೆ. ಪ್ಲಂಜರ್ ಅತಿಯಾಗಿ ಒಳಗೆ ಒತ್ತಿಕೊಂಡರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಶೆವ್ರೊಲೆ ವಿ8ರಲ್ಲಿ ಪುಶ್‌ರಾಡಿನ ಸಡಿಲ ಹೋದ ಮೇಲೆ ನಟ್ಟನ್ನು ಅರ್ಧದಿಂದ ಒಂದು ಸುತ್ತು ಬಿಗಿಯುವುದು ರೂಢಿ. ಹೈಡ್ರಾಲಿಕ್ ಆದ ಮಾತ್ರಕ್ಕೆ ತಳದ ಉಜ್ಜಾಟ ತಪ್ಪುವುದಿಲ್ಲ. ಅದನ್ನು ತಪ್ಪಿಸಿದ್ದು ರೋಲರ್, ಅಂದರೆ ಟ್ಯಾಪೆಟ್ಟಿನ ಕಾಲಿಗೆ ಕಟ್ಟಿದ ಚಕ್ರ. ಸ್ಮಾಲ್ ಬ್ಲಾಕ್ ಕೂಡ 1987ರಲ್ಲಿ ರೋಲರಿಗೆ ಬದಲಾಯಿತು.

ಈಗ ಎಣ್ಣೆ. ಹಳೆಯ ಗಾಡಿಯವರ ನಡುವೆ ‘ಜಿಂಕ್’ ಎಂಬ ಮಂತ್ರ ಓಡಾಡುತ್ತದೆ. ಅದರ ಪೂರ್ತಿ ಹೆಸರು ಜಿಂಕ್ ಡೈಆಲ್ಕೈಲ್ ಡೈಥಯೋಫಾಸ್ಫೇಟ್. ಚಿಕ್ಕದಾಗಿ ಜೆಡ್‌ಡಿಡಿಪಿ. 1940ರ ದಶಕದಲ್ಲಿ ಬೇರಿಂಗುಗಳು ಕೊರೆದುಹೋಗದಿರಲಿ, ಎಣ್ಣೆ ಬೇಗ ಕೆಡದಿರಲಿ ಎಂದು ಬೆರೆಸಿದ್ದ ಈ ರಾಸಾಯನಿಕ ಕ್ಯಾಮ್ ಮತ್ತು ಟ್ಯಾಪೆಟ್ಟುಗಳನ್ನೂ ಕಾಪಾಡುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಎಲ್ಲಿ ಒತ್ತಡ ಮತ್ತು ಬಿಸಿ ಹೆಚ್ಚೋ ಅಲ್ಲಿ ಇದು ಒಡೆದು ಲೋಹದ ಮೇಲೆ ಗಾಜಿನಂಥ ಫಾಸ್ಫೇಟ್ ಪೊರೆಯಾಗಿ ಕೂರುತ್ತದೆ. ಪೊರೆಯ ದಪ್ಪ ಮಿಲಿಮೀಟರಿನ ಹತ್ತುಸಾವಿರದ ಒಂದು ಭಾಗದ ಆಸುಪಾಸು. ಲೋಬ್ ಉಜ್ಜಿದಾಗ ಸವೆಯುವುದು ಆ ಪೊರೆ, ಮತ್ತೆ ಬೆಳೆಯುವುದೂ ಅದೇ.

ಅದರಲ್ಲಿನ ರಂಜಕವೇ ತೊಡಕಾಯಿತು. ಹೊಗೆಯ ಜೊತೆ ಹೋಗಿ ಅದು, ಆ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಭಾರತದಲ್ಲಿ 1995ರಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಎಣ್ಣೆಯ ದರ್ಜೆಗಳೂ ಬಿಗಿಯಾದವು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ 1990ರ ದಶಕದಲ್ಲಿ ತಂದ ಎಸ್‌ಜೆ ದರ್ಜೆಯಲ್ಲಿ ರಂಜಕದ ಮಿತಿ ಶೇಕಡಾ 0.10 ಇದ್ದದ್ದು 2004ರ ಎಸ್‌ಎಮ್‌ನಲ್ಲಿ ಶೇಕಡಾ 0.08ಕ್ಕೆ ಇಳಿಯಿತು. ಇಲ್ಲಿ ಬಹಳ ಜನ ಎಡವುವ ಒಂದು ಸೂಕ್ಷ್ಮವಿದೆ. ಎಸ್‌ಎಮ್‌ನ ಈ ಮಿತಿ 5ಡಬ್ಲ್ಯೂ-30ರಂಥ ತೆಳು ಎಣ್ಣೆಗಳಿಗೆ. ಅಂಬಾಸಡರಿಗೆ ಸಲ್ಲುವ 20ಡಬ್ಲ್ಯೂ-50ಯಂಥ ದಪ್ಪ ಎಣ್ಣೆ ಅದರ ವ್ಯಾಪ್ತಿಯ ಹೊರಗೆ. ಆದ್ದರಿಂದ ‘ಈಗಿನ ಎಣ್ಣೆಯೆಲ್ಲ ಹಳೆಯ ಎಂಜಿನ್ನಿಗೆ ವಿಷ’ ಎಂಬ ಗಾಬರಿ ಬೇಡ. ಹೊಸ ಕಾರಿಗೆ ಉಳಿದ ದುಬಾರಿ ತೆಳು ಎಣ್ಣೆಯನ್ನು ಹಳೆಯದಕ್ಕೆ ಸುರಿಯದಿದ್ದರೆ ಅರ್ಧ ಗೆದ್ದಂತೆ. ಡಬ್ಬಿಗಟ್ಟಲೆ ಜಿಂಕ್ ಬೆರೆಸುವುದೂ ಜಾಣತನವಲ್ಲ, ಅತಿಯಾದರೆ ಅದು ಲೋಹವನ್ನೇ ಕೊರೆಯುತ್ತದೆ. ಎಣ್ಣೆಯ ಮೇಲೆ ಹೊರಿಸಿದ ಆರೋಪಗಳಲ್ಲಿ ಬಹಳಷ್ಟು ಜೋಡಣೆಯ ತಪ್ಪುಗಳು ಎಂಬುದೇ ನನ್ನ ಅನಿಸಿಕೆ.

ಜೋಡಣೆಯಲ್ಲಿ ನಾನು ತಪ್ಪಿಸದೆ ಮಾಡುವ ಒಂದು ಪರೀಕ್ಷೆಯನ್ನು ಹತ್ತಿರದಿಂದ ತೋರಿಸುತ್ತೇನೆ. ಎರಡನೆಯ ಸಲ ಮಾವನ ಎಂಜಿನ್ನಿಗೆ ಹೊಸ ಕ್ಯಾಮ್, ಎಂಟು ಹೊಸ ಟ್ಯಾಪೆಟ್ ತಂದೆವು. ಹೆಡ್ ಕೂರಿಸುವ ಮೊದಲು, ಪಕ್ಕದ ಮುಚ್ಚಳ ತೆರೆದೇ ಇರುವಾಗ, ಟ್ಯಾಪೆಟ್ಟುಗಳನ್ನು ಬರಿಯ ಎಂಜಿನ್ ಎಣ್ಣೆ ಸವರಿ ಇಳಿಬಿಟ್ಟೆವು. ಪ್ರತಿಯೊಂದೂ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯಬೇಕು, ಒತ್ತುವ ಅಗತ್ಯ ಬೀಳಬಾರದು. ಮಾರ್ಕರ್ ಪೆನ್ನಿನಿಂದ ಪ್ರತಿ ಟ್ಯಾಪೆಟ್ಟಿನ ಮೇಲಂಚಿನಿಂದ ಬ್ಲಾಕಿನವರೆಗೆ ಒಂದು ಗೆರೆ ಎಳೆದೆವು. ಮಾವ ಸ್ಟಾರ್ಟಿಂಗ್ ಹ್ಯಾಂಡಲ್ ತೂರಿಸಿ ನಿಧಾನವಾಗಿ ತಿರುಗಿಸಿದರು. ನಾನು ಬಗ್ಗಿ ನೋಡುತ್ತಿದ್ದೆ. ನಾಲ್ಕು ಸುತ್ತಿಗೆ ಏಳು ಗೆರೆಗಳು ತುಂಡಾಗಿ ಪಕ್ಕಕ್ಕೆ ಸರಿದಿದ್ದವು. ಎರಡನೆಯದರ ಗೆರೆ ಮಾತ್ರ ನೆಟ್ಟಗೆ ಹಾಗೇ ನಿಂತಿತ್ತು. ಮತ್ತೆ ನಾಲ್ಕು ಸುತ್ತು. ಅದು ಏಳುತ್ತದೆ, ಇಳಿಯುತ್ತದೆ, ತಿರುಗುವುದಿಲ್ಲ. ಹೊರತೆಗೆದು ರಂಧ್ರದ ಬಾಯಿಗೆ ಬೆರಳಾಡಿಸಿದರೆ ಉಗುರಿಗೆ ಸಿಗುವಷ್ಟು ಒಂದು ಮುಳ್ಳು, ಹಿಂದಿನ ಸಲ ಬ್ಲಾಕ್ ತೊಳೆಯುವಾಗಲೋ ಸ್ಕ್ರೂಡ್ರೈವರ್ ತಾಗಿಯೋ ಎದ್ದದ್ದು. ಸಾಣೆಕಲ್ಲಿನ ತುಂಡಿನಿಂದ ಅದನ್ನು ತೆಗೆದು ಒರೆಸಿ ಇಳಿಬಿಟ್ಟಾಗ ಎರಡನೆಯದೂ ತಿರುಗಿತು. ಆ ಮುಳ್ಳು ಕಾಣದೆ ಮುಚ್ಚಳ ಹಾಕಿದ್ದರೆ ಇನ್ನಾರುನೂರು ಕಿಲೋಮೀಟರಿಗೆ ಮತ್ತೊಂದು ಶವಪರೀಕ್ಷೆ ನಡೆಯುತ್ತಿತ್ತು. ಹತ್ತು ನಿಮಿಷದ ಕೆಲಸ, ಒಂದು ಪೆನ್ನಿನ ಖರ್ಚು.

ಲೋಬುಗಳಿಗೆ ಮತ್ತು ಟ್ಯಾಪೆಟ್ಟಿನ ತಳಕ್ಕೆ ಮಾತ್ರ ಕಪ್ಪು ಮಾಲಿಬ್ಡಿನಮ್ ಡೈಸಲ್ಫೈಡ್ ಪೇಸ್ಟ್ ಹಚ್ಚಬೇಕು. ಪಕ್ಕದ ಮೈಗೆ ಹಚ್ಚಿದರೆ ಅಂಟುಅಂಟಾಗಿ ತಿರುಗುವುದಕ್ಕೆ ಅದೇ ಅಡ್ಡಿ. ವಾಲ್ವ್ ಸೀಟ್ ಕಟ್ ಮಾಡಿದ ಮೇಲೆ ಸ್ಪ್ರಿಂಗಿನ ಬಲ ಸರಿದೂಗಿಸಲು ಕೆಳಗೆ ಶಿಮ್ ಎಂಬ ತೆಳು ಬಿಲ್ಲೆ ಹಾಕುತ್ತಾರೆ. ಹೆಚ್ಚು ಹಾಕಿದರೆ ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿ ಕಂಬಿಯಂತಾಗುತ್ತವೆ. ಆ ಹೊಡೆತವನ್ನೆಲ್ಲ ಲೋಬ್ ತಿನ್ನಬೇಕು. ಅಮೆರಿಕದ ವಿ8ಗಳಲ್ಲಿ ಜೋಡಿ ಸ್ಪ್ರಿಂಗ್ ಇದ್ದರೆ ಒಳಗಿನದನ್ನು ತೆಗೆದಿಟ್ಟು ಮೊದಲ ಓಟ ಮುಗಿದ ಮೇಲೆ ಹಾಕುತ್ತಾರೆ.

ಆ ಮೊದಲ ಓಟದಲ್ಲೇ ಇರುವುದು ಮಾವನ ಕಾರಿನ ಕಥೆಯ ಇನ್ನರ್ಧ. ನಮ್ಮಲ್ಲಿ ಹೊಸ ಎಂಜಿನ್ನನ್ನು ಬಾಣಂತಿಯಂತೆ ನೋಡಿಕೊಳ್ಳುತ್ತಾರೆ. ಸ್ಟಾರ್ಟ್ ಮಾಡಿ ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಗಂಟೆಗಟ್ಟಲೆ ಬಿಟ್ಟು, ‘ಸೆಟ್ ಆಗಲಿ’ ಎಂದು ಪಕ್ಕದಲ್ಲಿ ಚಹಾ ಕುಡಿಯುತ್ತಾರೆ. ಪ್ರೀತಿಯಿಂದ ಮಾಡುವ ಕೆಲಸ ಅದು. ಆದರೆ ಇಂಥ ಎಂಜಿನ್ನುಗಳ ಲೋಬುಗಳಿಗೆ ಪಂಪಿನಿಂದ ನೇರವಾಗಿ ಎಣ್ಣೆ ಬರುವುದಿಲ್ಲ. ಕ್ರ್ಯಾಂಕ್ ಎರಚಿದ್ದು, ಮೇಲಿನ ರಾಕರುಗಳಿಂದ ಪುಶ್‌ರಾಡ್ ಗುಂಟ ಹರಿದು ಬಂದದ್ದು, ಅಷ್ಟೇ ಅವುಗಳ ಪಾಲು. ಐಡಲಿನಲ್ಲಿ ಎರಚಾಟವೂ ಕಡಿಮೆ, ಹರಿವೂ ಕಡಿಮೆ. ಮೇಲಾಗಿ ನಿಧಾನಗತಿಯಲ್ಲಿ ಲೋಬಿನ ಮೂತಿಯ ಮೇಲೆ ಸ್ಪ್ರಿಂಗಿನ ಪೂರ್ತಿ ಬಲ ಬೀಳುತ್ತದೆ. ವೇಗ ಹೆಚ್ಚಿದಾಗ ಏಳುತ್ತಿರುವ ಭಾಗಗಳ ಜಡತ್ವ ಅದರಲ್ಲಿ ಸ್ವಲ್ಪವನ್ನು ಹೊರುತ್ತದೆ. ಇನ್ನೂ ಪಳಗದ ಎರಡು ಲೋಹಗಳಿಗೆ ಅತಿ ಹೆಚ್ಚು ಒತ್ತಡ, ಅತಿ ಕಡಿಮೆ ಎಣ್ಣೆ ಕೊಡುವುದೇ ಬಾಣಂತನವಾಯಿತು. ಪಿಸ್ಟನ್ ರಿಂಗುಗಳಿಗೂ ಐಡಲ್ ಒಗ್ಗುವುದಿಲ್ಲ, ಸಿಲಿಂಡರಿನ ಗೋಡೆ ಗಾಜಿನಂತೆ ನುಣುಪಾಗಿ ರಿಂಗ್ ಕೂರುವುದೇ ಇಲ್ಲ.

ಮಾಡಬೇಕಾದದ್ದು ತದ್ವಿರುದ್ಧ. ಎಂಜಿನ್ ಚಾಲೂ ಆದ ಕೂಡಲೇ 2000 ಸುತ್ತಿಗೆ ಏರಿಸಬೇಕು, 2000ದಿಂದ 2500ರ ನಡುವೆ ಮೆಲ್ಲನೆ ಏರಿಳಿಸುತ್ತ 20ರಿಂದ 30 ನಿಮಿಷ ಓಡಿಸಬೇಕು. ವೇಗ ಬದಲಿಸುವುದು ಎಣ್ಣೆ ಎರಚುವ ದಿಕ್ಕು ಬದಲಾಗಲಿ ಎಂದು. ಇಪ್ಪತ್ತು ನಿಮಿಷದಲ್ಲಿ ಒಂದೊಂದು ಲೋಬಿಗೂ ಕನಿಷ್ಠ ಇಪ್ಪತ್ತು ಸಾವಿರ ಉಜ್ಜು. ಅಷ್ಟರಲ್ಲಿ ಎರಡು ಲೋಹಗಳೂ ಪಳಗಿ ಪೊರೆ ಕಟ್ಟಿಕೊಂಡಿರುತ್ತವೆ. ಇದಕ್ಕೆ ಮುಖ್ಯವಾದ ಷರತ್ತು ಗಾಡಿ ಮೊದಲ ಯತ್ನಕ್ಕೇ ಚಾಲೂ ಆಗಬೇಕು ಎಂಬುದು. ಸ್ಟಾರ್ಟರ್ ಕೊರಕೊರ ಎಂದು ಐದು ನಿಮಿಷ ಎಳೆದರೆ ಪೇಸ್ಟೆಲ್ಲ ಒರೆಸಿಹೋಗುತ್ತದೆ. ಆದ್ದರಿಂದ ಟೈಮಿಂಗ್ ಮೊದಲೇ ಕೂರಿಸಿ, ಕಾರ್ಬ್ಯುರೇಟರಿನ ಬಟ್ಟಲಿಗೆ ಪೆಟ್ರೋಲ್ ತುಂಬಿ, ಆಯಿಲ್ ಪಂಪು ಮತ್ತು ಫಿಲ್ಟರಿಗೆ ಎಣ್ಣೆ ತುಂಬಿ, ರೇಡಿಯೇಟರಿಗೆ ನೀರು ಹಾಕಿ, ಸೋರಿಕೆ ನೋಡಿಕೊಂಡ ಮೇಲೆಯೇ ಕೀಲಿಗೆ ಕೈ ಹಾಕಬೇಕು. ನಡುವೆ ಏನಾದರೂ ಸೋರಿದರೆ, ಬಿಸಿ ಏರಿದರೆ ಐಡಲಿಗೆ ಇಳಿಸಿ ಹುಡುಕುತ್ತ ಕೂರಬಾರದು. ಪೂರ್ತಿ ಆರಿಸಿ, ಸರಿಮಾಡಿ, ಉಳಿದ ನಿಮಿಷಗಳನ್ನು ಮುಗಿಸಬೇಕು.

ಮಾವ ಒಪ್ಪಿದ್ದು ಕಷ್ಟದಿಂದ. ‘ಹುಟ್ಟಿದ ಮಗುವನ್ನು ಓಟಕ್ಕೆ ಬಿಟ್ಟ ಹಾಗಾಯಿತಲ್ಲೋ’ ಎಂದು ಗೊಣಗಿದರು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಪೆಡೆಸ್ಟಲ್ ಫ್ಯಾನನ್ನು ರೇಡಿಯೇಟರಿನ ಎದುರು ನಿಲ್ಲಿಸಿ, ನೀರಿನ ಪೈಪು ಕೈಗೆ ಸಿಗುವಂತಿಟ್ಟುಕೊಂಡು ಚಾಲೂ ಮಾಡಿದೆವು. ಎಂಜಿನ್ ಒಂದೇ ಸಮ ಕೂಗಿತು. ಎದುರುಮನೆಯ ಅಜ್ಜಿ ಕಿಟಕಿ ಮುಚ್ಚಿಕೊಂಡರು. ಹದಿನಾಲ್ಕನೆಯ ನಿಮಿಷಕ್ಕೆ ಟೆಂಪರೇಚರ್ ಮುಳ್ಳು ಮೇಲೇರಿದಾಗ ಆರಿಸಿದೆವು, ಅರ್ಧ ಗಂಟೆ ಬಿಟ್ಟು ಮತ್ತೆ ಹತ್ತು ನಿಮಿಷ ಓಡಿಸಿದೆವು. ಆಮೇಲೆ ಬಿಸಿ ಎಣ್ಣೆಯನ್ನು ಅಗಲವಾದ ತಟ್ಟೆಗೆ ಇಳಿಸಿ, ಹಳೆಯ ಸ್ಪೀಕರಿನಿಂದ ಕಿತ್ತಿಟ್ಟಿದ್ದ ಅಯಸ್ಕಾಂತವನ್ನು ಅದರೊಳಗೆ ಆಡಿಸಿದೆ. ಒರೆಸಿ ನೋಡಿದರೆ ಪೇಸ್ಟಿನ ಕಪ್ಪು ಬಿಟ್ಟು ಬೆರಳಿಗೆ ಹತ್ತಿದ್ದು ತೀರ ತೆಳುವಾದ ಮಸಿ, ಹೊಸ ಎಂಜಿನ್ನಿಗೆ ಅಷ್ಟು ಸಹಜ. ಹೊಸ ಫಿಲ್ಟರ್, ಹೊಸ ಎಣ್ಣೆ ಹಾಕಿದೆವು. ಎಂಟುನೂರು ಕಿಲೋಮೀಟರಿಗೆ ಮತ್ತೊಮ್ಮೆ ಬದಲಿಸಿ, ಟ್ಯಾಪೆಟ್ ಸಂದು ನೋಡಲು ಕೂತೆವು. ನಾಲ್ಕು ಸಿಲಿಂಡರಿನ ಈ ಎಂಜಿನ್ನಿಗೆ ಒಂಬತ್ತರ ಲೆಕ್ಕವಿದೆ. ಐದನೆಯದನ್ನು ನೋಡಬೇಕಾದರೆ ನಾಲ್ಕನೆಯ ವಾಲ್ವ್ ಪೂರ್ತಿ ತೆರೆದಿರಬೇಕು, ಒಂದನೆಯದಕ್ಕೆ ಎಂಟು, ಹೀಗೆ ಎರಡನ್ನೂ ಕೂಡಿದರೆ ಒಂಬತ್ತು. ಮಾವ ಹ್ಯಾಂಡಲ್ ತಿರುಗಿಸಿ ನಾಲ್ಕನೆಯದು ಕೆಳಗಿಳಿದಾಗ ನಿಂತರು. ಐದನೆಯದರ ಸಂದಿಗೆ ಫೀಲರ್ ಗೇಜ್ ತೂರಿಸಿದೆ. ಮೊದಲ ದಿನ ಎಷ್ಟು ಬಿಗಿಯಾಗಿ ಹೋಗಿತ್ತೋ ಅಷ್ಟೇ ಬಿಗಿಯಾಗಿ ಹೋಯಿತು.